ಕಾಫಿ ಆರಕ್ಕೆ, ಹಿಪ್ಪುನೇರಳೆ ಎಂಟಕ್ಕೆ

ನಮ್ಮದು ಕೊಡಗಿನ ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಅರೇಬಿಕಾ ಸ್ವಲ್ಪ, ರೋಬಸ್ಟಾ ಜಾಸ್ತಿ, ಮರಗಳಿಗೆ ಹಬ್ಬಿಸಿದ ಮೆಣಸು. ಕೊಟ್ಟಿಗೆ ಹಿಂದೆ ಒಂದು ಹಿಪ್ಪುನೇರಳೆ ಮರ ಇದೆ. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗಲೇ ಇತ್ತಂತೆ. ಮಾರ್ಚ್ ಬಂದರೆ ಅದರ ಬುಡದ ನೆಲವೆಲ್ಲ ಕಪ್ಪು ನೇರಳೆ ಬಣ್ಣ. ಹಕ್ಕಿ ತಿಂದು, ಮಕ್ಕಳು ತಿಂದು, ಮಿಕ್ಕಿದ್ದು ಮಣ್ಣಿಗೆ.

ಆ ಮರದ ಕೆಳಗೆ ದಿನಾ ನಾಲ್ಕು ಸಲ ಓಡಾಡುತ್ತಾ ನಾನು ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟು ಹಿಪ್ಪುನೇರಳೆಯಂಥ ಬೆರಿ ಹಣ್ಣುಗಳ ಮಾತ್ರೆ ತರಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ಜಾಹೀರಾತು ನೋಡಿದ್ದೆ. ಯಾರೂ ಬರೆದುಕೊಟ್ಟದ್ದಲ್ಲ. ಜೊತೆಗೆ ಒಂದು ಮಲ್ಟಿವಿಟಮಿನ್ ಮಾತ್ರೆ. ಅದನ್ನು ನುಂಗಿದ ದಿನ ಮೂತ್ರ ಕಡು ಹಳದಿ. ಮಾತ್ರೆ ಒಳಗೆ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದೆ. ಅದು ಬಿ2 ವಿಟಮಿನ್, ದೇಹಕ್ಕೆ ಬೇಡವಾದಷ್ಟು ಹಾಗೇ ಹೊರಗೆ ಹೋಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಮಳೆಗಾಲದ ಆಟಿ ತಿಂಗಳಲ್ಲಿ ಮಾಡುವ ಆಟಿ ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುವುದನ್ನು ನಮ್ಮ ಕಡೆ ಎಲ್ಲರೂ ನೋಡಿದವರೇ. ಆದರೂ ಹೊಳೆದಿರಲಿಲ್ಲ.

ಮೂರು ವರ್ಷದ ಹಿಂದೆ, ಕಾಫಿ ಕುಯ್ಲಿನ ಹೊತ್ತಲ್ಲಿ, ಏರು ಹತ್ತಿದರೆ ಎದೆ ಡವಡವ ಎನ್ನಲು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದರು. ಆಮೇಲೆ, ‘ಬೆಳಿಗ್ಗೆ ಏನು ತಿಂತೀರಾ?’ ಎಂದು ಕೇಳಿದರು.

‘ರಾಗಿ ಗಂಜಿ ಮೇಡಂ. ಇಲ್ಲಾಂದ್ರೆ ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ.’

‘ಒಳ್ಳೇದೇ. ಅದರ ಮೇಲೆ?’

‘ಕಾಫಿ.’

ಅಲ್ಲೇ ತೊಂದರೆ ಇದ್ದದ್ದು. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣ ಇದೆ. ಆದರೆ ಅದು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಈ ಕಬ್ಬಿಣವನ್ನು ಕರುಳಲ್ಲೇ ಹಿಡಿದುಬಿಡುತ್ತವೆ. ವಿಟಮಿನ್ ಸಿ ಇದಕ್ಕೆ ತದ್ವಿರುದ್ಧ. ಕಬ್ಬಿಣವನ್ನು ಕರಗುವ ರೂಪಕ್ಕೆ ತಂದು ಒಳಗೆ ಹೋಗಲು ಬಿಡುತ್ತದೆ. ಆದರೆ ಎರಡೂ ಒಂದೇ ಊಟದಲ್ಲಿ ಹೊಟ್ಟೆ ಸೇರಬೇಕು. ನಾನು ವಿಟಮಿನ್ ಮಾತ್ರೆ ನುಂಗುತ್ತಿದ್ದದ್ದು ರಾತ್ರಿ ಮಲಗುವಾಗ, ಬೆಳಗಿನ ರಾಗಿಗೆ ಅದರಿಂದ ಏನೂ ಉಪಯೋಗವಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ‘ಕಾಫಿ ತೋಟದ ಮನೇಲಿ ಕಾಫಿ ಬಿಡು ಅಂದ್ರೆ ಹೆಂಗೇ ಬಿಡೋದು?’ ಎಂದು ಅವರು ನಿಜವಾಗಿ ಬೇಜಾರು ಮಾಡಿಕೊಂಡರು. ಬಿಡುವ ಅಗತ್ಯ ಬರಲಿಲ್ಲ. ತಿಂಡಿಗೆ ಒಂದು ಗಂಟೆ ಮೊದಲು ಕುಡಿದ ಕಾಫಿ ಕಬ್ಬಿಣಕ್ಕೆ ಅಡ್ಡ ಬರುವುದಿಲ್ಲ. ತಿಂಡಿ ಜೊತೆ ಕುಡಿದರೂ, ತಿಂದು ಒಂದು ಗಂಟೆಗೆ ಕುಡಿದರೂ ಅಡ್ಡ ಬರುತ್ತದೆ. ಹಾಗಾಗಿ ಈಗ ನಮ್ಮ ಮನೆಯಲ್ಲಿ ಮೊದಲ ಕಾಫಿ ಎದ್ದ ಕೂಡಲೇ, ಆರಕ್ಕೆ. ತಿಂಡಿ ಎಂಟಕ್ಕೆ. ಮುಂದಿನ ಕಾಫಿ ಹತ್ತೂವರೆಗೆ. ಎಂಟು ಗಂಟೆಯ ಕಾಫಿ ಲೋಟ ಇರುತ್ತಿದ್ದ ಜಾಗದಲ್ಲಿ ಈಗ ಹಣ್ಣಿನ ಪ್ಯೂರಿ, ಅಂದರೆ ನುಣ್ಣಗೆ ಅರೆದ ಹಣ್ಣು, ಇದೆ.

ಹಣ್ಣನ್ನು ಹಾಗೇ ತಿನ್ನಬಹುದಲ್ವಾ, ಪ್ಯೂರಿ ಯಾಕೆ ಎಂದು ಕೇಳುತ್ತಾರೆ. ಜಗಿದು ತಿನ್ನಲು ಆಗುವವರಿಗೆ ಇಡೀ ಹಣ್ಣೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಅತ್ತೆಗೆ ಹಲ್ಲಿನ ಸೆಟ್ಟು. ಹಿಪ್ಪುನೇರಳೆಯ ಪುಟ್ಟ ಬೀಜ ಅದರ ಅಡಿಗೆ ಸೇರಿದರೆ ಇಡೀ ದಿನ ನೋವು. ಮತ್ತೆ ಮರದಲ್ಲಿ ಹಣ್ಣು ಇರುವುದೇ ಐದಾರು ವಾರ. ಕಿತ್ತ ಹಣ್ಣು ಮಾರನೇ ದಿನಕ್ಕೆ ನೀರು ಬಿಡುತ್ತದೆ. ಅರೆದು ಫ್ರೀಜರಿನಲ್ಲಿ ಇಟ್ಟರೆ ಉಳಿಯುತ್ತದೆ. ಜ್ಯೂಸ್ ನಾನು ಮಾಡುವುದಿಲ್ಲ. ಸೋಸಿದರೆ ನಾರೆಲ್ಲ ಬಟ್ಟೆಯಲ್ಲೇ ಉಳಿದು ಲೋಟದಲ್ಲಿ ಸಿಹಿ ನೀರು ಮಾತ್ರ ಇರುತ್ತದೆ.

ಮೊದಲ ವರ್ಷ ನಾನು ಮಾಡಿದ್ದು ಪ್ಯೂರಿಯೇ ಅಲ್ಲ, ಜಾಮ್. ಎರಡು ಸೇರು ಹಣ್ಣಿಗೆ ಒಂದು ಸೇರು ಸಕ್ಕರೆ ಹಾಕಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಸಿದೆ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ. ಹುಳಿ ಹಣ್ಣು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಕ್ಕರೆಯ ಮಾತಂತೂ ಬೇಡ. ರುಚಿಯೇನೋ ಚೆನ್ನಾಗಿತ್ತು, ಮಗಳು ರೊಟ್ಟಿಗೆ ಹಚ್ಚಿ ಖಾಲಿ ಮಾಡಿದಳು. ನನಗೆ ಬೇಕಾದದ್ದು ಅದಾಗಿರಲಿಲ್ಲ.

ಎರಡನೇ ವರ್ಷ ಕುದಿಸುವುದನ್ನೇ ಬಿಟ್ಟೆ. ಹಣ್ಣು ತೊಳೆದು, ಅರೆದು, ಫ್ರೀಜರಿಗೆ ಹಾಕಿದೆ. ಅಷ್ಟು ಸುಲಭ. ಏಪ್ರಿಲ್ ಕೊನೆಗೆ ಹದಿನಾಲ್ಕು ಡಬ್ಬಿ ತುಂಬಿತ್ತು. ವರ್ಷಪೂರ್ತಿ ಬರುತ್ತದೆ ಎಂದು ಖುಷಿಯಲ್ಲಿದ್ದೆ. ಜೂನ್‌ನಲ್ಲಿ ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಯಿತು. ಕರೆಂಟ್ ಬಂದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಡಬ್ಬಿಯ ಮುಚ್ಚಳ ಉಬ್ಬಿತ್ತು, ತೆಗೆದರೆ ವೈನ್ ವಾಸನೆ. ಎಂಟು ಡಬ್ಬಿಯನ್ನು ಗೊಬ್ಬರದ ಗುಂಡಿಗೆ ಸುರಿದೆ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ತಿನ್ನಬಾರದು ಎಂಬುದು ಗೊತ್ತಿತ್ತು. ಆದರೂ ಸುರಿಯುವಾಗ ಕಣ್ಣಲ್ಲಿ ನೀರು ಬಂತು. ಒಂದೊಂದೇ ಹಣ್ಣಿನ ತೊಟ್ಟು ಕಿತ್ತವಳು ನಾನೇ.

ನಮ್ಮ ಊರಿನ ಮಳೆಗಾಲಕ್ಕೆ ಫ್ರೀಜರ್ ನಂಬಿ ಕೂರಲಾಗದು. ಅದಕ್ಕೇ ಈಗ ಮೇ ಕೊನೆಗೆ ಮುಗಿಯುವಷ್ಟನ್ನೇ ಇಡುತ್ತೇನೆ. ಆಮೇಲೆ ಆಯಾ ತಿಂಗಳ ಹಣ್ಣು. ಕಾಚಂಪುಳಿಯಂತೆ ಕುದಿಸಿ ಕಪ್ಪಗೆ ಮಾಡಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ, ನಮ್ಮ ಜಿಲ್ಲೆಯ ಹಿರಿಯರಿಗೆ ಆ ವಿದ್ಯೆ ಗೊತ್ತಿತ್ತು. ಆದರೆ ಕಾಚಂಪುಳಿ ಪಂದಿಕರಿಗೆ ಒಂದು ಚಮಚ ಹಾಕುವ ಹುಳಿ. ನನಗೆ ಬೇಕಿದ್ದು ದಿನಾ ತಿನ್ನುವ ಹಣ್ಣು.

ಈಗ ಮಾಡುವ ವಿಧಾನ ಹೀಗೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಕಾಫಿ ಕುಯ್ಯುವಾಗ ಹಾಸುವ ಟಾರ್ಪಾಲನ್ನೇ ಚೆನ್ನಾಗಿ ತೊಳೆದು ಮರದಡಿ ಹಾಸುತ್ತೇವೆ. ಕೊಂಬೆ ಮೆಲ್ಲಗೆ ಅಲುಗಿಸಿದರೆ ಕಳಿತ ಹಣ್ಣು ಮಾತ್ರ ಬೀಳುತ್ತದೆ. ಕೆಂಪು ಹಣ್ಣು ಹುಳಿ, ಕಪ್ಪು ಹಣ್ಣು ಸಿಹಿ. ಬಿಳಿ ಹಾಲು ಬರುವ ಕಾಯಿ ಬೇಡ, ಹೊಟ್ಟೆ ಕೆಡುತ್ತದೆ. ಮಳೆ ಬಿದ್ದ ಮಾರನೇ ದಿನ ಕೀಳುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಕಾಫಿಗೆ ಹಬ್ಬ, ಹಿಪ್ಪುನೇರಳೆ ಮಾತ್ರ ಸಪ್ಪೆ. ಇನ್ನೊಂದು ಮಾತು ತೋಟದವರಿಗೆ. ಹತ್ತಿರ ಎಲ್ಲಾದರೂ ಬೋರ್ಡೋ ಅಥವಾ ಬೇರೆ ಔಷಧಿ ಹೊಡೆದಿದ್ದರೆ ಆ ಸಲದ ಹಣ್ಣು ಬಿಟ್ಟುಬಿಡಿ. ಬೋರ್ಡೋದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ಮೆತ್ತಗಿನ ಹಣ್ಣಿನ ಸಂದಿಯಿಂದ ಅದನ್ನು ತೊಳೆದು ತೆಗೆಯುವುದು ಆಗದ ಕೆಲಸ.

ಹಣ್ಣನ್ನು ಜರಡಿಯಲ್ಲಿಟ್ಟು ನೀರಲ್ಲಿ ಎರಡು ಸಲ ಅದ್ದಿ ತೆಗೆಯುತ್ತೇನೆ. ನೆನೆಹಾಕುವುದಿಲ್ಲ. ತೊಟ್ಟು ಕತ್ತರಿಸಿ, ಬಟ್ಟೆ ಮೇಲೆ ಹರಡಿ ಆರಿಸಿ, ಸ್ಟೀಲ್ ಜಾರಿಗೆ ಹಾಕಿ ಮಿಕ್ಸಿಯಲ್ಲಿ ತಡೆದು ತಡೆದು ತಿರುವುತ್ತೇನೆ. ಒಂದು ಹನಿ ನೀರೂ ಬೇಡ.

ಇದಕ್ಕೆ ಸೀಬೆ ಸೇರಿಸುವುದು ನಾನು ಕಷ್ಟಪಟ್ಟು ಕಂಡುಕೊಂಡದ್ದು. 100 ಗ್ರಾಂ ಹಿಪ್ಪುನೇರಳೆಯಲ್ಲಿ ವಿಟಮಿನ್ ಸಿ 36 ಮಿಲಿಗ್ರಾಂನಷ್ಟು, ಕಬ್ಬಿಣ ಎರಡು ಮಿಲಿಗ್ರಾಂಗೂ ಕಡಿಮೆ. ಸೀಬೆಯಲ್ಲಿ ವಿಟಮಿನ್ ಸಿ 200 ಮಿಲಿಗ್ರಾಂ ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹದಿಹರೆಯದ ಮಕ್ಕಳ ಅನ್ನದ ಊಟಕ್ಕೆ ಸೀಬೆ ಸೇರಿಸಿ ನೋಡಿದ್ದಾರೆ. ಊಟದ ಕಬ್ಬಿಣ ಸುಮಾರು ಎರಡು ಪಟ್ಟು ಮೈಗೆ ಹತ್ತಿತು ಎಂದು 2013ರಲ್ಲಿ ಪ್ರಕಟಿಸಿದರು. ನಮ್ಮ ಹಿತ್ತಲಿನಲ್ಲಿ ಬಾವಲಿ ತಿಂದು ಬೀಳಿಸುವ ಹಣ್ಣು! ಅಂದಹಾಗೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸೀಬೆಯೇ ನಿಜವಾದ ಬೆರಿ. ಹಿಪ್ಪುನೇರಳೆ ಹಲವು ಹೂಗಳು ಒಟ್ಟಾಗಿ ಆದ ಹಣ್ಣು, ಬೆರಿ ಅಲ್ಲ.

ತೊಡಕು ಏನೆಂದರೆ ಚಳಿಗಾಲದ ಸೀಬೆ ಜನವರಿಗೆ ಮುಗಿಯುತ್ತದೆ, ಹಿಪ್ಪುನೇರಳೆ ಹಣ್ಣಾಗುವುದು ಫೆಬ್ರವರಿ ಕೊನೆಗೆ. ಅದಕ್ಕೆ ಜನವರಿಯಲ್ಲೇ ಕಳಿತ ಸೀಬೆ ಅರೆದು, ಬೀಜ ಮಾತ್ರ ಸೋಸಿ, ತಿರುಳನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಇಡುತ್ತೇನೆ. ಆ ತಿಂಗಳಲ್ಲಿ ಕರೆಂಟಿನ ಭಯ ಕಡಿಮೆ. ಮಾರ್ಚ್‌ನಲ್ಲಿ ದಿನಕ್ಕೆ ಬೇಕಾದಷ್ಟೇ ತೆಗೆದು ಆ ಬೆಳಗಿನ ತಾಜಾ ಹಿಪ್ಪುನೇರಳೆ ಜೊತೆ ಅರೆಯುತ್ತೇನೆ. ಮೂರು ಪಾಲು ಹಿಪ್ಪುನೇರಳೆಗೆ ಒಂದು ಪಾಲು ಸೀಬೆ, ಅರ್ಧ ನಿಂಬೆಹಣ್ಣಿನ ರಸ. ನಿಂಬೆ ಬಿದ್ದ ಕೂಡಲೇ ಮಂಕಾದ ನೇರಳೆ ಬಣ್ಣ ಕೆಂಪಗೆ ಹೊಳೆಯುತ್ತದೆ. ಹಣ್ಣಿನ ಬಣ್ಣದ ಆಂಥೋಸಯಾನಿನ್ ಹುಳಿಗೆ ಹಾಗೆ ತಿರುಗುತ್ತದೆ. ಪ್ರತಿ ಸಲ ನೋಡಿದರೂ ನನಗೆ ಬೇಸರವಿಲ್ಲ. ಸಕ್ಕರೆ, ಬೆಲ್ಲ, ಜೇನು ಏನೂ ಹಾಕುವುದಿಲ್ಲ. ಹಿಪ್ಪುನೇರಳೆಯ ಸಿಹಿಯೇ ಸಾಕು.

ಅಳತೆ ಒಬ್ಬರಿಗೆ ನಾಲ್ಕು ಚಮಚ, 60 ಗ್ರಾಂ. ನನ್ನ ಲೆಕ್ಕಕ್ಕೆ ಇದರಲ್ಲಿ ವಿಟಮಿನ್ ಸಿ 40ರಿಂದ 50 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೆಂಗಸರಿಗೆ ಹೇಳಿದ್ದು ದಿನಕ್ಕೆ 65. ಮಿಕ್ಕಿದ್ದು ಮಧ್ಯಾಹ್ನದ ಸೊಪ್ಪು, ನಿಂಬೆಯಿಂದ ಬರುತ್ತದೆ. ಆದರೆ ಕಬ್ಬಿಣ ದಿನಕ್ಕೆ 29 ಮಿಲಿಗ್ರಾಂ ಬೇಕು. ಈ ಪ್ಯೂರಿಯಲ್ಲಿ ಅದು ಒಂದು ಮಿಲಿಗ್ರಾಂ ಕೂಡ ಇಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕಬ್ಬಿಣ ಕೊಡುವುದು ರಾಗಿ, ಸೊಪ್ಪು, ಕಾಳು. ಹಣ್ಣು ಅದನ್ನು ಒಳಗೆ ಸೇರಿಸುತ್ತದೆ. ಬರೀ ಪ್ಯೂರಿ ತಿಂದು ರಕ್ತ ಹೆಚ್ಚುತ್ತದೆ ಎಂದು ಕಾಯಬೇಡಿ.

ನನ್ನ ಹಿಮೋಗ್ಲೋಬಿನ್ 12.2ಕ್ಕೆ ಬಂದದ್ದು ಡಾಕ್ಟರಮ್ಮ ಬರೆದ ಕಬ್ಬಿಣದ ಮಾತ್ರೆಯಿಂದಲೇ. ಅವರು ಸಾಕು ಎನ್ನುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಬಿಟ್ಟದ್ದು ನಾನೇ ತರಿಸಿಕೊಂಡ ಬೆರಿ ಮಾತ್ರೆ ಮತ್ತು ಮಲ್ಟಿವಿಟಮಿನ್. ಬಿಟ್ಟು ಎರಡು ವರ್ಷವಾಯಿತು, ಹೋದ ತಿಂಗಳ ಪರೀಕ್ಷೆಯಲ್ಲಿ 12.4 ಇತ್ತು. ಇದು ಹಣ್ಣಿನಿಂದಲೋ, ಕಾಫಿಯ ಹೊತ್ತು ಬದಲಿಸಿದ್ದರಿಂದಲೋ ಎಂದು ಬಿಡಿಸಿ ಹೇಳಲು ಆಗದು ಎಂದರು ಡಾಕ್ಟರಮ್ಮ. ಎರಡನ್ನೂ ಬಿಡಬೇಡಿ ಎಂದರು. ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಯ ಹುಡುಗಿಯೊಬ್ಬಳು ಬಸುರಿ ಇದ್ದಾಗ, ‘ಅಕ್ಕಾ, ನಾನೂ ಗುಳಿಗೆ ಬಿಟ್ಟು ಇದನ್ನೇ ತಿನ್ಲಾ?’ ಎಂದು ಕೇಳಿದಳು. ಬೇಡವೇ ಬೇಡ ಎಂದೆ. ಸರ್ಕಾರದಿಂದ ಕೊಡುವ ಆ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಬಸುರಿಯರಿಗೆ ಅಷ್ಟನ್ನು ಯಾವ ಹಣ್ಣೂ ಕೊಡಲಾರದು. ಬಿ12 ಕಡಿಮೆ ಇದ್ದವರಿಗೂ ಅಷ್ಟೇ, ಹಣ್ಣಿನಲ್ಲಿ ಅದು ಇಲ್ಲವೇ ಇಲ್ಲ. ಅವಳಿಗೆ ಗುಳಿಗೆಯ ಜೊತೆಗೆ ಒಂದು ಬಟ್ಟಲು ಪ್ಯೂರಿ ಕೊಟ್ಟು ಕಳಿಸುತ್ತಿದ್ದೆ.

ಅತ್ತೆಗೆ ಸಕ್ಕರೆ ಕಾಯಿಲೆ. ಅವರಿಗೆ ಎರಡೇ ಚಮಚ, ಅದೂ ಗಂಜಿಗೆ ಕಲಸಿ. ಹಣ್ಣು ಅರೆದಷ್ಟೂ ಅದರ ಸಕ್ಕರೆ ಬೇಗ ರಕ್ತಕ್ಕೆ ಇಳಿಯಬಹುದು ಎಂದು ಮೊದಲ ವಾರ ಗ್ಲೂಕೋಮೀಟರಿನಲ್ಲಿ ದಿನಾ ನೋಡಿದೆವು. ಎರಡು ಚಮಚಕ್ಕೆ ಏರುಪೇರಾಗಲಿಲ್ಲ.

ಜೂನ್‌ನಲ್ಲಿ ನೇರಳೆ. ಅದನ್ನು ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಕಹಿ. ಕೈಯಲ್ಲಿ ಹಿಸುಕಿ ತಿರುಳು ಬಿಡಿಸುತ್ತೇನೆ. ಒಗರು ಜಾಸ್ತಿ ಇರುವುದರಿಂದ ಬೆಳಗಿನ ರಾಗಿ ಜೊತೆ ಬೇಡ, ಆ ಒಗರಿನ ಟ್ಯಾನಿನ್ ಕೂಡ ಕಬ್ಬಿಣವನ್ನು ಹಿಡಿಯುತ್ತದೆ. ಸಂಜೆ ಮೊಸರಿಗೆ ಹಾಕಿಕೊಂಡು ತಿನ್ನುತ್ತೇವೆ. ಜುಲೈ, ಆಗಸ್ಟ್‌ನಲ್ಲಿ ಮಳೆಗಾಲದ ಸೀಬೆ ಬರುತ್ತದೆ. ರುಚಿ ಕಡಿಮೆ, ಹುಳ ಜಾಸ್ತಿ, ಆದರೂ ಆರಿಸಿ ಅರೆದರೆ ನೂಲುಪುಟ್ಟಿಗೆ (ಅಕ್ಕಿ ಶಾವಿಗೆ) ಚೆನ್ನಾಗಿರುತ್ತದೆ. ಏಪ್ರಿಲ್‌ನಲ್ಲಿ ಬೇಲಿ ಮುಳ್ಳಲ್ಲಿ ಕಾಡು ರಾಸ್‌ಬೆರಿ ಸಿಕ್ಕಿದರೆ ಮಕ್ಕಳು ತರುತ್ತಾರೆ. ಅದನ್ನು ಒಂದೊಂದಾಗಿ ನೋಡಿಯೇ ಹಾಕುತ್ತೇನೆ. ಒಂದು ಸಲ ಅದರಲ್ಲಿ ಲಂಟಾನದ ಹಸಿರು ಕಾಯಿ ಸೇರಿತ್ತು, ಅದು ವಿಷ.

ಹಿಪ್ಪುನೇರಳೆ ಬೆಳೆಸುವುದು ಏನೂ ಕಷ್ಟವಲ್ಲ. ಪೆನ್ಸಿಲ್ ದಪ್ಪದ ಕಡ್ಡಿ, ಮೂರು ನಾಲ್ಕು ಕಣ್ಣು ಇರುವಂತೆ ಕತ್ತರಿಸಿ, ಮಳೆ ಹಿಡಿದ ಮೇಲೆ ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟರೆ ಸಾಕು. ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ಲೈನ್ ಮನೆಯವರಿಗೆ ಹತ್ತು ಕಡ್ಡಿ ಕೊಟ್ಟಿದ್ದೆ. ನಾಲ್ಕನ್ನು ಆಡು ತಿಂದಿತು. ನಲ್ಲಿಯ ಪಕ್ಕದಲ್ಲಿ ನೆಟ್ಟ ಎರಡು ಈಗ ಆಳೆತ್ತರ ಇವೆ. ಈ ಮಾರ್ಚ್‌ನಲ್ಲಿ ಮೊದಲ ಹಣ್ಣು ಬಿಟ್ಟಿತು. ಆ ಹುಡುಗಿಯ ಮಗು ಅದನ್ನು ಕಿತ್ತು ತಿಂದು ಅಂಗಿಯೆಲ್ಲ ಕಲೆ ಮಾಡಿಕೊಂಡು ನಮ್ಮ ಅಂಗಳಕ್ಕೆ ಬಂದಿತ್ತು.