ಹೂ ಮಳೆಯ ಪುಸ್ತಕ: ಸಂಶೋಧನೆಯ ಕರಡನ್ನು ತಿದ್ದುತ್ತಾ ಬೆಳೆಸುವುದು ಹೇಗೆ?

‘ಕೊಡಗಿನ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ’. ಇಂಥ ಶೀರ್ಷಿಕೆ ಹಿಡಿದೇ ನಾನೂ ಸಂಶೋಧನೆಗೆ ಹೊರಟಿದ್ದೆ. ಅದರಿಂದ ಪ್ರಬಂಧ ಹುಟ್ಟಲಿಲ್ಲ. ಅದನ್ನು ಐದಾರು ಬಾರಿ ತಿದ್ದಿದ ಮೇಲೆ ಹುಟ್ಟಿತು. ಈಗ ಬರೆಯಲು ಕುಳಿತಿರುವವರಿಗೆ ಆ ದಾರಿ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಪುಟ ಬರೆಯಿರಿ

ಎಲ್ಲ ಓದಿದ ಮೇಲೆ ಬರೆಯೋಣವೆಂದು ಕಾಯಬೇಡಿ. ಗೊತ್ತಿರುವಷ್ಟನ್ನೇ ಒಂದು ಪುಟಕ್ಕಿಳಿಸಿ, ಎಲ್ಲಿ, ಯಾವುದು, ಯಾವ ವರ್ಷಗಳು ಎಂದು ಪ್ರತಿ ಸಾಲನ್ನೂ ಕೇಳಿ. ಹೀಗೆ ಕೇಳಿದಾಗ ನನ್ನ ಶೀರ್ಷಿಕೆ ಕುಗ್ಗಿ, ‘ಪೊನ್ನಂಪೇಟೆ ಸುತ್ತಲಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಹೂ ಮಳೆಯ ದಿನ ಹಿಂದುಮುಂದಾಗಿದೆಯೇ?’ ಎಂದಾಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಇಂಚಿನಷ್ಟು ಮಳೆ ಬಿದ್ದರೆ ವಾರ ಹತ್ತು ದಿನಗಳಲ್ಲಿ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗುತ್ತದೆ. ಅದೇ ಹೂ ಮಳೆ. ಇದನ್ನು ಅಳೆಯಬಹುದು. ನಂತರ ಭಾರತದ ಪಿಎಚ್‌.ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ‘ಶೋಧಗಂಗಾ’ದಲ್ಲಿ ಹಳೆಯ ಪ್ರಬಂಧಗಳನ್ನು ಹುಡುಕಿ, ನಿಮ್ಮ ಪ್ರಶ್ನೆಯನ್ನು ಯಾರಾದರೂ ಆಗಲೇ ಕೇಳಿದ್ದಾರೆಯೇ ನೋಡಿಕೊಳ್ಳಿ.

ಮಾಹಿತಿ ಕರಡನ್ನು ಕೆಡಿಸಲಿ, ಬಿಡಿ

ನಮ್ಮ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟುಗಳಲ್ಲಿರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ನಾನು ಅಕ್ಕಪಕ್ಕದ ಎರಡು ತೋಟಗಳ ಪುಸ್ತಕ ನಕಲು ಮಾಡಿ, ಹೂ ಮಳೆಯಲ್ಲಿ ಒಂದು ದಿನದ ಅಂತರವಿದೆಯೆಂದು ಹೆಮ್ಮೆಯಿಂದ ಬರೆದಿದ್ದೆ. ಮಾರ್ಗದರ್ಶಕರು ಅಂಚಿನಲ್ಲಿ ಒಂದೇ ಸಾಲು ಗೀಚಿದರು: ‘ಇದು ಮಳೆ ಬಿದ್ದ ದಿನವೋ, ಅಳೆದ ದಿನವೋ?’ ಹೋಗಿ ಕೇಳಿದರೆ, ಒಬ್ಬರು ಅಳೆದ ದಿನಕ್ಕೆ ಬರೆಯುತ್ತಿದ್ದರು, ಇನ್ನೊಬ್ಬರು ಹಿಂದಿನ ದಿನಕ್ಕೆ. ಎರಡೂ ಒಂದೇ ರಾತ್ರಿಯ ಮಳೆ! ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅದೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಸ್ಪ್ರಿಂಕ್ಲರ್ ಶುರು’ ಎಂದಿತ್ತು. ಮೂರು ಸಲ ಓದಿದರೂ ನಾನು ಅದನ್ನು ಗಮನಿಸಿರಲಿಲ್ಲ. ಕೆರೆಯೂ ಪಂಪೂ ಇರುವ ತೋಟ ಮಳೆಗೆ ಕಾಯದೆ ನೀರು ಚಿಮುಕಿಸಿ ಹೂ ಬಿಡಿಸುತ್ತದೆ. ಹಾಗಾದರೆ ನೀರಿಲ್ಲದ ಸಣ್ಣ ಬೆಳೆಗಾರ ಮಳೆ ತಡವಾದಾಗ ಏನು ಮಾಡುತ್ತಾನೆ? ನನ್ನ ನಿಜವಾದ ಪ್ರಶ್ನೆ ಸಿಕ್ಕಿದ್ದು ಆಗ, ನಾಲ್ಕನೆಯ ಕರಡಿನಲ್ಲಿ. ಇಂಥ ಹೊತ್ತಿನಲ್ಲಿ ಹಳೆಯ ಪ್ರಶ್ನೆಗೆ ಅಂಟಿಕೊಳ್ಳಬೇಡಿ. ಹಳೆಯ ಕರಡನ್ನು ಅಳಿಸಲೂ ಬೇಡಿ. ದಿನಾಂಕ ಹಾಕಿ ಉಳಿಸಿ.

ತಿದ್ದುವಾಗ ಮೇಲಿನಿಂದ ಕೆಳಗೆ

ಮೊದಲು ವಾದ, ಆಮೇಲೆ ಪ್ಯಾರಾಗಳ ಕ್ರಮ, ಕೊನೆಗೆ ಭಾಷೆ. ಪ್ರತಿ ಪ್ಯಾರಾದ ಪಕ್ಕ ಅದು ಹೇಳುವುದೇನೆಂದು ಒಂದು ಸಾಲು ಬರೆಯಿರಿ. ಸಾಲು ಹೊಳೆಯದಿದ್ದರೆ ಆ ಪ್ಯಾರಾ ತೆಗೆಯಿರಿ. ತೆಗೆಯಬೇಕಾದ ವಾಕ್ಯಕ್ಕೆ ಅಲಂಕಾರ ಮಾಡುತ್ತಾ ನಾನು ಕಳೆದ ರಾತ್ರಿಗಳು ಇಂದಿಗೂ ನೋವು ಕೊಡುತ್ತವೆ.

ಟಿಪ್ಪಣಿಗಳಿಗೆ ಉತ್ತರ

ಪರೀಕ್ಷಕರ ಆಕ್ಷೇಪ, ನೀವು ಮಾಡಿದ ಬದಲಾವಣೆ, ಪುಟ ಸಂಖ್ಯೆ ಎಂದು ಮೂರು ಕಾಲಂಗಳ ಪಟ್ಟಿ ಮಾಡಿ. ಒಪ್ಪದಿದ್ದರೆ ಆಧಾರ ಕೊಟ್ಟು ಹೇಳಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ, ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಆದರೆ ಪದ ಬದಲಿಸಿ ಬೇರೆಯವರ ವಿಚಾರವನ್ನು ಬಚ್ಚಿಡುವುದು ತಿದ್ದುಪಡಿಯಲ್ಲ, ಕಳ್ಳತನ.

ಸಲ್ಲಿಸುವ ಮುನ್ನ, ಮಾಹಿತಿ ಕೊಟ್ಟವರಿಗೆ ಆ ಭಾಗ ಓದಿ ಹೇಳಿ. ನಾನು ಓದುತ್ತಿದ್ದಾಗ ರೈಟರ್ ತಡೆದು ಕೇಳಿದರು: “ಈ ಖಾಲಿ ದಿನಗಳಿಗೆ ಸೊನ್ನೆ ಹಾಕಿದ್ದೀರಲ್ಲ? ಆಗ ಮಳೆ ಬಂದಿತ್ತು. ನಾನು ರಜೆಯಲ್ಲಿದ್ದೆ.” ಮಳೆ ಇಲ್ಲದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ ಎಂದು ಆ ಕೋಷ್ಟಕವನ್ನು ಅಂದು ರಾತ್ರಿ ಮೊದಲಿನಿಂದ ಬರೆದೆ.