ಕುಲಾವಿ, ಸ್ವೆಟರ್, ಹೊದಿಕೆ: ಮಗುವಿಗೆ ಹೆಣೆಯುವಾಗ ನಾನು ಹಾಕುವ ಲೆಕ್ಕ

ಕೈಯಲ್ಲಿ ಹೆಣೆದ ಮಗುವಿನ ಸ್ವೆಟರ್ ಹಾಕಿಸಿಕೊಳ್ಳದೆ ಬೀರುವಿನಲ್ಲೇ ಉಳಿದುಹೋಗುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಕುತ್ತಿಗೆಯಲ್ಲಿ ತಲೆ ತೂರುವುದಿಲ್ಲ. ಇನ್ನೊಂದು, ಚಳಿ ಬರುವ ಹೊತ್ತಿಗೆ ಮಗು ಆ ಅಳತೆಯನ್ನೇ ದಾಟಿರುತ್ತದೆ. ಡಿಸೈನ್ ಎಷ್ಟು ಚಂದವಿದ್ದರೂ ಇವೆರಡು ತಪ್ಪಿದರೆ ಆ ಕೆಲಸ ದಂಡ. ಹಾಗಾಗಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಕಡ್ಡಿಯನ್ನಲ್ಲ, ಕ್ಯಾಲೆಂಡರನ್ನು.

ಏಪ್ರಿಲ್‌ನಲ್ಲಿ ಹುಟ್ಟುವ ಮಗುವಿಗೆ ಬೆಂಗಳೂರಿನಲ್ಲಿ ಸ್ವೆಟರ್ ಬೇಕಾಗುವುದು ಡಿಸೆಂಬರ್‌ನಲ್ಲಿ, ಎಂಟನೆಯ ತಿಂಗಳಿಗೆ. ಆ ಮಗುವಿಗೆ ಹುಟ್ಟಿದ ಅಳತೆಯಲ್ಲಿ ಹೆಣೆದರೆ ಯಾರಿಗೆ ಪ್ರಯೋಜನ? ಮಡಿಕೇರಿ, ಚಿಕ್ಕಮಗಳೂರಿನ ಕಡೆಯಾದರೆ ಮಳೆಗಾಲದಲ್ಲೇ ಬೇಕು. ಆದರೆ ಅಲ್ಲಿ ಒಗೆದದ್ದು ಒಣಗುವುದೇ ಸಾಹಸವಾದ್ದರಿಂದ ದಪ್ಪ ಹತ್ತಿ ದಾರ ಬೇಡ. ಮಂಗಳೂರು, ಉಡುಪಿಯ ಸೆಕೆಗೆ ಅಕ್ರಿಲಿಕ್ ಸ್ವೆಟರ್ ಕೊಡುವುದು ಮಗುವಿಗೆ ಶಿಕ್ಷೆ. ಅಲ್ಲಿಗೆ ತೆಳು ಹತ್ತಿ ದಾರದ ಹೊದಿಕೆ ಸಾಕು. ಹೆರಿಗೆಗೆ ಮೊದಲೇ ಮಗುವಿನ ಬಟ್ಟೆ ಮನೆಗೆ ತರಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ನಾಮಕರಣಕ್ಕೇ ಕೊಡುವುದಾದರೆ ಕುಲಾವಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆರು ತಿಂಗಳ ಅಳತೆ ಅಥವಾ ಅದಕ್ಕಿಂತ ದೊಡ್ಡದೇ ಇರಲಿ.

ಅಳತೆಗಳು ಹೀಗೆ. ಹುಟ್ಟಿದಾಗ ತಲೆಯ ಸುತ್ತಳತೆ 33ರಿಂದ 35 ಸೆಂ.ಮೀ., ಎದೆಯದು ಅದಕ್ಕಿಂತ ಒಂದೆರಡು ಸೆಂ.ಮೀ. ಕಡಿಮೆ. ಮೂರು ತಿಂಗಳಿಗೆ ತಲೆ ಸುಮಾರು 40, ಆರು ತಿಂಗಳಿಗೆ 43, ವರ್ಷಕ್ಕೆ 46. ಅಂದರೆ ಮೊದಲ ತಿಂಗಳುಗಳಲ್ಲಿ ತಲೆಯೇ ಮೈಗಿಂತ ದೊಡ್ಡದು, ಕತ್ತು ಇನ್ನೂ ನಿಂತಿರುವುದಿಲ್ಲ. ತಲೆಯ ಮೇಲಿಂದ ಎಳೆದು ತೊಡಿಸುವ ಸ್ವೆಟರನ್ನು ನಾನು ಒಂದು ವರ್ಷದೊಳಗಿನ ಮಕ್ಕಳಿಗೆ ಹೆಣೆಯುವುದೇ ಇಲ್ಲ. ಮುಂದೆ ಪೂರ್ತಿ ತೆರೆಯುವಂಥದ್ದು ಮಾತ್ರ.

ದಾರದ ವಿಷಯದಲ್ಲಿ ಮಡಿವಂತಿಕೆ ಬೇಡ. ಶುದ್ಧ ಉಣ್ಣೆಯೇ ಶ್ರೇಷ್ಠ ಎನ್ನುವವರಿದ್ದಾರೆ. ಆದರೆ ಬಾಣಂತಿ ಇರುವ ಮನೆಯಲ್ಲಿ ದಿನಾ ಎಣ್ಣೆ, ಬಿಸಿನೀರು, ಸೋಪು. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಕಂಬಳಿಯ ತುಂಡಿನಂತಾಗುತ್ತದೆ. ನಮ್ಮ ಕಂಬಳಿಯ ದಖ್ಖನಿ ಕುರಿಯ ಉಣ್ಣೆ ಮಳೆಗೆ ಗಟ್ಟಿ, ಹಸುಳೆಯ ಚರ್ಮಕ್ಕಲ್ಲ. ಎಳೆಯ ದಪ್ಪ 30 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ದಾಟಿದರೆ ಚುಚ್ಚುತ್ತದೆ. 20ರ ಆಸುಪಾಸಿನ ಮೆರಿನೊ ಕುರಿಯ ಉಣ್ಣೆ ಮೃದು, ಆದರೆ ದುಬಾರಿ. ನಾನು ಹೆಚ್ಚಾಗಿ ಬಳಸುವುದು 4 ಪ್ಲೈ ಎಂಬ ತೆಳು ದಪ್ಪದ ಬೇಬಿ ಅಕ್ರಿಲಿಕ್, ಇಲ್ಲವೇ ಹತ್ತಿ ಬೆರೆತ ಅಕ್ರಿಲಿಕ್. ಉಂಡೆಯನ್ನು ಕತ್ತಿಗೋ ತುಟಿಯ ಮೇಲಕ್ಕೋ ಒಂದು ನಿಮಿಷ ಒತ್ತಿ ಹಿಡಿದರೆ ಚುಚ್ಚುತ್ತದೋ ಇಲ್ಲವೋ ಗೊತ್ತಾಗುತ್ತದೆ, ಬೆರಳಿಗೆ ಗೊತ್ತಾಗುವುದಿಲ್ಲ. ಒಂದು ಕುಲಾವಿ, ಒಂದು ಸ್ವೆಟರ್, ಒಂದು ಜೊತೆ ಕಾಲುಚೀಲಕ್ಕೆ 150 ಗ್ರಾಂ ಧಾರಾಳ. ಅಷ್ಟನ್ನೂ ಒಂದೇ ಸಲ, ಒಂದೇ ಲಾಟ್ ನಂಬರಿನದ್ದು ಕೊಳ್ಳಿ. ಅದೇ ಬಣ್ಣದ ಬೇರೆ ಲಾಟ್ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡರೂ ಬಿಸಿಲಿನಲ್ಲಿ ಪಟ್ಟೆ ಹಾಕಿದಂತೆ ಕಾಣುತ್ತದೆ.

ಅಕ್ರಿಲಿಕ್‌ಗೆ ಒಂದು ಅಪಾಯ ಇದೆ, ಅದನ್ನು ಕೊಡುವಾಗಲೇ ಹೇಳಿಬಿಡುತ್ತೇನೆ. ಎಣ್ಣೆಸ್ನಾನದ ನಂತರ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವಿಗೆ ಹೊಗೆ ಹಿಡಿಯುವ ರೂಢಿ ಇರುವ ಮನೆಯಾದರೆ ಆ ಹೊತ್ತಿನಲ್ಲಿ ಇದು ಮೈಮೇಲೆ ಇರಬಾರದು. ಅಕ್ರಿಲಿಕ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಇಸ್ತ್ರಿಯನ್ನೂ ತಾಗಿಸಬಾರದು, ಉಬ್ಬು ಹೋಗಿ ಜೋಲುಬಿದ್ದರೆ ಮತ್ತೆ ಸರಿಯಾಗುವುದಿಲ್ಲ. ಬಣ್ಣಕ್ಕೆ ಬಂದರೆ, ಅಚ್ಚ ಬಿಳಿ ಮತ್ತು ತಿಳಿನೀಲಿ ಎಣ್ಣೆಯ ಕಲೆಗೆ ಬೇಗ ಮಂಕಾಗುತ್ತವೆ. ಕೆನೆಬಣ್ಣ, ಸಾಸಿವೆ ಹಳದಿ, ಪಿಸ್ತಾ ಹಸಿರು ತಾಳುತ್ತವೆ. ಕಡುಗೆಂಪಾದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿಯೇ ಶುರು ಮಾಡುವುದು. ಕಪ್ಪು ಕೊಡುವ ಮುನ್ನ ಆ ಮನೆಯ ಅಜ್ಜಿಯನ್ನು ಕೇಳುವುದು ಕ್ಷೇಮ.

ಕಡ್ಡಿಯ ನಂಬರಿನಲ್ಲಿ ಮೋಸಹೋಗುವವರು ಬಹಳ. ನಮ್ಮಲ್ಲಿ ಸಿಗುವ ಕಡ್ಡಿಗಳ ಮೇಲಿರುವುದು ಸಾಮಾನ್ಯವಾಗಿ ಬ್ರಿಟಿಷ್ ನಂಬರ್. ನಂಬರ್ ಏರಿದಷ್ಟೂ ಕಡ್ಡಿ ಸಣ್ಣದು. 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ತಿರುಗುಮುರುಗು, ಅಲ್ಲಿಯ 10 ಅಂದರೆ 6 ಮಿ.ಮೀ. ಅಮೆರಿಕದಲ್ಲಿರುವ ಮಗಳೋ ಸೊಸೆಯೋ ಕಳಿಸಿದ ಪ್ಯಾಟರ್ನನ್ನು ಇಲ್ಲಿಯ 10ನೇ ನಂಬರಿನಲ್ಲಿ ಹೆಣೆದರೆ ಗೊಂಬೆಗೆ ಹಾಕುವ ಅಳತೆ ಬರುತ್ತದೆ. ನಂಬರ್ ಮರೆತು ಮಿ.ಮೀ. ನೋಡಿ. ಕ್ರೋಶದಲ್ಲೂ ಇದೇ ಗೋಳು: ಅಮೆರಿಕದವರ ಸಿಂಗಲ್ ಕ್ರೋಶವೇ ಬ್ರಿಟಿಷರ ಡಬಲ್ ಕ್ರೋಶ.

ಸ್ಯಾಂಪಲ್ ತುಂಡು ಹೆಣೆಯಲು ಎಲ್ಲರಿಗೂ ಬೇಸರ, ನನಗೂ ಅಷ್ಟೇ. ಆದರೂ 40 ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ) ಹಾಕಿ 15 ಸೆಂ.ಮೀ. ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಸ್ಟಿಚ್, ಎಷ್ಟು ಸಾಲು ಬಂದಿದೆಯೆಂದು ಅಳೆಯುತ್ತೇನೆ. ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ. ಹತ್ತಿಯಾದರೆ ಒದ್ದೆಯಾದಾಗ ತನ್ನ ಭಾರಕ್ಕೆ ತಾನೇ ಉದ್ದವಾಗುವುದರಿಂದ ಒಗೆಯದೆ ಅಳೆದು ಲಾಭವಿಲ್ಲ.

ಈಗ ಕುಲಾವಿ. ಇಲ್ಲಿ ಕೊಡುವುದು ಹುಟ್ಟಿದಾಗಿನಿಂದ ಮೂರು ತಿಂಗಳವರೆಗಿನ ಲೆಕ್ಕ: 4 ಪ್ಲೈ ದಾರ, 3.25 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 26 ಸ್ಟಿಚ್, 34 ಸಾಲು. ಟೋಪಿ ತಲೆಗಿಂತ ಸ್ವಲ್ಪ ಚಿಕ್ಕದಿದ್ದರೇ ಹಿಡಿದು ನಿಲ್ಲುವುದು, ಆದ್ದರಿಂದ ಸುತ್ತಳತೆ 34 ಸೆಂ.ಮೀ. ಇಟ್ಟುಕೊಂಡರೆ 88 ಸ್ಟಿಚ್, ಹೊಲಿಗೆಯ ಅಂಚಿಗೆ ಎರಡು, ಒಟ್ಟು 90. ಸ್ಟಿಚ್ ಏರಿಸುವಾಗ ಮಾತ್ರ 4 ಮಿ.ಮೀ. ಕಡ್ಡಿ ಹಿಡಿಯುತ್ತೇನೆ. ಬಿಗಿಯಾಗಿ ಏರಿಸಿದ ಅಂಚು ಮಗುವಿನ ಹಣೆಯ ಮೇಲೆ ಕೆಂಪು ಗೆರೆ ಮೂಡಿಸುತ್ತದೆ. ಎರಡು ನಿಟ್ (ಸೀದಾ ಹೆಣಿಗೆ), ಎರಡು ಪರ್ಲ್‌ನಂತೆ (ಉಲ್ಟಾ ಹೆಣಿಗೆ) ರಿಬ್, ಅಂದರೆ ಹಿಗ್ಗುವ ಅಂಚುಪಟ್ಟಿ, ಶುರುಮಾಡಿದರೆ ಸಾಲಿನ ಕೊನೆಗೆ ಎರಡು ನಿಟ್ ಉಳಿಯಬೇಕು. ಪಕ್ಕ ಜೋಡಿಸುವಾಗ ಎರಡೂ ಕಡೆಯ ಒಂದೊಂದು ಸ್ಟಿಚ್ ಒಳಗೆ ಹೋಗಿ ರಿಬ್ ಎಲ್ಲೂ ಕಡಿಯದೆ ಸೇರುತ್ತದೆ. ಹತ್ತು ಸಾಲು ರಿಬ್, ಆಮೇಲೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್. ಹೀಗೇ ಸಾಗಿ ಬುಡದಿಂದ 9.5 ಸೆಂ.ಮೀ. ಆದಾಗ ನೆತ್ತಿಯ ಇಳಿಕೆ, ಅಂದರೆ ಸ್ಟಿಚ್ ಕಡಿಮೆ ಮಾಡುವುದು.

ಇಳಿಕೆಯ ಮೊದಲ ಸಾಲು: ಒಂದು ನಿಟ್, ಆಮೇಲೆ ‘ಒಂಬತ್ತು ನಿಟ್, ಎರಡು ಸೇರಿಸಿ ಒಂದು’ ಎಂಬುದನ್ನು ಎಂಟು ಸಲ, ಕೊನೆಗೆ ಒಂದು ನಿಟ್. 82 ಉಳಿಯುತ್ತದೆ. ಮುಂದಿನ ಸಾಲು ಪೂರ್ತಿ ಪರ್ಲ್. ಮತ್ತೆ ಎಂಟು ನಿಟ್ ಮತ್ತು ಇಳಿಕೆ, ಆಮೇಲೆ ಏಳು, ಹೀಗೆ ಸಾಲು ಬಿಟ್ಟು ಸಾಲು ಎಂಟೆಂಟು ಕಡಿಮೆಯಾಗುತ್ತ ಹತ್ತನೇ ಇಳಿಕೆಗೆ 10 ಸ್ಟಿಚ್ ಉಳಿಯುತ್ತದೆ. ದಾರವನ್ನು 40 ಸೆಂ.ಮೀ. ಬಿಟ್ಟು ಕತ್ತರಿಸಿ, ಹತ್ತರೊಳಗೂ ಎರಡು ಸಲ ತೂರಿಸಿ ಎಳೆದು, ಅದೇ ದಾರದಲ್ಲಿ ಪಕ್ಕ ಹೊಲಿಯುವುದು. ನಡುವೆ ಸ್ಟಿಚ್ ಲೆಕ್ಕ ಎಂಟರ ಗುಣಕಕ್ಕೆ ಎರಡು ಸೇರಿಸಿದಷ್ಟು ಬರದಿದ್ದರೆ ಎಲ್ಲೋ ಒಂದು ಇಳಿಕೆ ತಪ್ಪಿದೆ. ಆ ಸಾಲಿನಲ್ಲೇ ಹಿಡಿದುಬಿಡಿ, ಎರಡು ಸಾಲು ಮುಂದೆ ಹೋದರೆ ನೆತ್ತಿ ಸೊಟ್ಟಗಾಗುತ್ತದೆ. ತುದಿಗೆ ದಾರದ ಚೆಂಡು ಕಟ್ಟುವುದಿಲ್ಲ, ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಹಳೆಯ ಕುಲಾವಿಗಳಿಗಿದ್ದ ಗದ್ದದ ದಾರವೂ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕಿವಿ ಮುಚ್ಚಬೇಕೆನ್ನುವವರಿಗೆ ರಿಬ್ಬನ್ನು 20 ಸಾಲು ಮಾಡಿ, ನೆತ್ತಿಯ ಇಳಿಕೆಯನ್ನು 12.5 ಸೆಂ.ಮೀ.ಗೆ ಶುರುಮಾಡಿ, ಅಂಚು ಮಡಚಲು ಬಿಟ್ಟರಾಯಿತು. ಒಂದೇ ಕುಲಾವಿ ಕೊಟ್ಟರೆ ಎಣ್ಣೆ ಹತ್ತಿ ಎರಡನೇ ದಿನಕ್ಕೇ ಒಗೆಯಲು ಬೀಳುತ್ತದೆ, ಮೂರು ಕೊಡಿ. ಮನೆಯೊಳಗೆ ಮಲಗಿ ನಿದ್ದೆ ಮಾಡುವಾಗ ಟೋಪಿ ಬೇಡವೆಂದು ವೈದ್ಯರು ಹೇಳುವುದನ್ನೂ ಮೆಲ್ಲಗೆ ಕಿವಿಗೆ ಹಾಕಿಬಿಡಿ. ಅಜ್ಜಿಯರು ಒಪ್ಪುವುದು ಕಷ್ಟ.

ಸ್ವೆಟರಿಗೆ ನಾನು ಪೂರ್ತಿ ಗಾರ್ಟರ್ ಹಿಡಿಯುತ್ತೇನೆ, ಅಂದರೆ ಎರಡೂ ಬದಿ ನಿಟ್. ಅಂಚು ಸುರುಳಿಯಾಗುವುದಿಲ್ಲ, ಅದಕ್ಕೇ ಬೇರೆ ರಿಬ್ ಬೇಡ. ಮಗು ಬೆಳೆದಂತೆ ಹಿಗ್ಗುತ್ತದೆ ಕೂಡ. ಬೆನ್ನಿನ ಕೆಳಅಂಚಿನಿಂದ ಮೇಲೇರಿ, ಹೆಗಲು ದಾಟಿ, ಮುಂದಕ್ಕೆ ಇಳಿಯುವ ಒಂದೇ ತುಂಡು ಇದು. ಕಡ್ಡಿ 3.75 ಮಿ.ಮೀ., 10 ಸೆಂ.ಮೀ.ಗೆ 24 ಸ್ಟಿಚ್, 48 ಸಾಲು. ಆರು ತಿಂಗಳ ಅಳತೆಗೆ ಬೆನ್ನಿನ ಕೆಳಅಂಚಿಗೆ 60 ಸ್ಟಿಚ್ ಹಾಕಿ 82 ಸಾಲು. ಮುಂದಿನ ಎರಡು ಸಾಲುಗಳ ಶುರುವಿನಲ್ಲಿ 36, 36 ಸ್ಟಿಚ್ ಸೇರಿಸಿದರೆ ತೋಳು, ಒಟ್ಟು 132. ಇದರ ಮೇಲೆ 44 ಸಾಲು ಹೆಣೆದರೆ ಹೆಗಲು. ಅಲ್ಲಿ 52 ಹೆಣೆದು, ನಡುವಿನ 28 ಮುಚ್ಚಿ (ಒಂದರ ಮೇಲೊಂದು ದಾಟಿಸಿ ಕಡ್ಡಿಯಿಂದ ಇಳಿಸಿ), ಉಳಿದ 52 ಹೆಣೆಯುವುದು. ಮುಚ್ಚುವಾಗ ದೊಡ್ಡ ಕಡ್ಡಿ ಹಿಡಿಯಿರಿ, ಕತ್ತಿನ ಬಿಗಿ ತಪ್ಪುವುದು ಅಲ್ಲೇ.

ಒಂದು ಬದಿಯ 52ನ್ನು ಪಿನ್ನಿಗೋ ಬೇರೆ ದಾರಕ್ಕೋ ಏರಿಸಿಟ್ಟು, ಇನ್ನೊಂದರ ಮೇಲೆ 20 ಸಾಲು. ಆಮೇಲೆ ಕತ್ತಿನ ಕಡೆ 19 ಸ್ಟಿಚ್ ಸೇರಿಸಬೇಕು: 14 ಎದೆಗೆ, 5 ಗುಂಡಿಪಟ್ಟಿ ಒಂದರ ಮೇಲೊಂದು ಬೀಳಲು. ಈ ಐದನ್ನು ಮರೆತವರ ಸ್ವೆಟರ್ ಎದೆಯ ಮೇಲೆ ಬಾಯಿಬಿಟ್ಟುಕೊಂಡಿರುತ್ತದೆ. 71ರ ಮೇಲೆ 24 ಸಾಲು, ತೋಳಿನ 36 ಮುಚ್ಚಿ, ಉಳಿದ 35ರ ಮೇಲೆ 82 ಸಾಲು, ಮುಚ್ಚು. ಇನ್ನೊಂದು ಬದಿಯೂ ಹೀಗೇ, ಕನ್ನಡಿಯಲ್ಲಿ ಕಂಡಂತೆ. ಗುಂಡಿಯ ತೂತು ಒಂದು ಬದಿಗೆ ಮಾತ್ರ: ಸೇರಿಸಿದ ಸ್ಟಿಚ್‌ನಿಂದ ಲೆಕ್ಕ ಹಿಡಿದು 5, 29, 53ನೇ ಸಾಲಿನಲ್ಲಿ ಮುಂಅಂಚಿನಿಂದ ಎರಡು ನಿಟ್, ದಾರ ಮುಂದೆ ತಂದು ಒಂದು ಸುತ್ತು, ಎರಡು ಸೇರಿಸಿ ಒಂದು. ಆ ಸಾಲು ಮುಂಅಂಚಿನಲ್ಲಿ ಶುರುವಾಗದಿದ್ದರೆ ಮುಂದಿನ ಸಾಲಿಗೆ ಜರುಗಿಸಿ. ಮೂರೇ ಗುಂಡಿ, ಕೆಳಗೆ ತೆರೆದೇ ಇರಲಿ, ನ್ಯಾಪಿ ಬದಲಿಸುವವರಿಗೆ ಸಲೀಸು. ಹೆಗಲಿಗೆ ಹೊಲಿಗೆಯೇ ಇಲ್ಲ. ತೋಳಿನ ಕೆಳಗೆ ಮತ್ತು ಪಕ್ಕಕ್ಕೆ ಒಂದೇ ಉದ್ದದ ಹೊಲಿಗೆ, ಎರಡೂ ಕಡೆ. ಒಂದು ವರ್ಷದ ಮಗುವಿಗಾದರೆ ಬೆನ್ನಿಗೆ 68, ತೋಳಿಗೆ 42, ಕತ್ತಿಗೆ 30, ಮುಂದೆ ಸೇರಿಸುವುದು 20; ಮೈಗೆ 96 ಸಾಲು, ತೋಳಿಗೆ ಹಿಂದೆ 48, ಮುಂದೆ 20 ಮತ್ತು 28.

ಗುಂಡಿ 12 ಮಿ.ಮೀ.ಗಿಂತ ದೊಡ್ಡದು ಆ ತೂತಿಗೆ ಹಿಡಿಸುವುದಿಲ್ಲ. ಉಲ್ಲನ್ ದಾರದಲ್ಲಿ ಹೊಲಿದರೆ ಎರಡೇ ತಿಂಗಳಲ್ಲಿ ಸಡಿಲ, ಹೊಲಿಗೆ ದಾರವನ್ನು ಎರಡೆಳೆ ಮಾಡಿ, ಹಿಂದೆ ಒಂದು ಚೂರು ರಿಬ್ಬನ್ ಕೊಟ್ಟು ಹೊಲಿಯಿರಿ. ಹೊಲಿದ ಮೇಲೆ ಹಲ್ಲಿನಿಂದ ಕಚ್ಚಿ ಎಳೆಯುವುದು ನನ್ನ ಪರೀಕ್ಷೆ, ಮಗು ಮಾಡುವುದೂ ಅದನ್ನೇ.

ಕಾಲುಚೀಲದ ಬಗ್ಗೆ ನನಗೆ ಅಂಥ ಪ್ರೀತಿಯಿಲ್ಲ, ಯಾವ ಮಗುವೂ ಅದನ್ನು ಕಾಲಲ್ಲಿ ಉಳಿಸಿಕೊಳ್ಳುವುದಿಲ್ಲ. ಹೆಣೆಯಲೇಬೇಕೆಂದರೆ ಕಣಕಾಲಿನ ರಿಬ್ 6 ಸೆಂ.ಮೀ. ಉದ್ದವಿರಲಿ. ಮುಖ್ಯವಾದದ್ದು ಒಳಬದಿ. ಎರಡು ಬಣ್ಣದಲ್ಲಿ ಹೆಣೆದು ಒಳಗೆ ದಾರ ಜೋತುಬಿಟ್ಟರೆ, ತುದಿಯನ್ನು ಸರಿಯಾಗಿ ಸೇರಿಸದಿದ್ದರೆ, ಆ ಎಳೆ ಎಳೆಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ತಡೆಯುತ್ತದೆ. ಮಗು ಸುಮ್ಮನೆ ಅಳುತ್ತದೆ, ಕಾರಣ ಯಾರಿಗೂ ಕಾಣುವುದಿಲ್ಲ. ಕೈಗವಸು, ಕಾಲುಚೀಲಗಳನ್ನು ಒಂದೇ ಬಣ್ಣದಲ್ಲಿ ಹೆಣೆದು, ಒಳಗುಹೊರಗು ಮಾಡಿ ಬೆರಳಾಡಿಸಿ ನೋಡಿಯೇ ಕೊಡುವುದು. ಇದೇ ಕಾರಣಕ್ಕೆ ತೂತಿನ ಡಿಸೈನ್ ಹೊದಿಕೆಗೂ ಬೇಡ.

ಹೊದಿಕೆಗೆ ಮೂಲೆಯಿಂದ ಮೂಲೆಗೆ ಹೆಣೆಯುವುದೇ ಸುಲಭ. ಡಿಕೆ ದಪ್ಪದ (4 ಪ್ಲೈಗಿಂತ ತುಸು ದಪ್ಪ) ದಾರ 300 ಗ್ರಾಂ, ಕಡ್ಡಿ 4 ಮಿ.ಮೀ., ಉದ್ದದ ಸರಿಗೆಯ ಸರ್ಕ್ಯುಲರ್ ಕಡ್ಡಿಯಾದರೆ ಭಾರ ಮಡಿಲಲ್ಲಿ ಕೂರುತ್ತದೆ. ನಾಲ್ಕು ಸ್ಟಿಚ್‌ನಿಂದ ಶುರು. ಪ್ರತಿ ಸಾಲಿಗೂ ಎರಡು ನಿಟ್, ದಾರದ ಒಂದು ಸುತ್ತು, ಉಳಿದದ್ದೆಲ್ಲ ನಿಟ್. ಅಂಚಿನ ಈ ಸಣ್ಣ ಕಿಂಡಿಗಳೂ ಬೇಡವೆಂದರೆ ಆ ಸುತ್ತನ್ನು ಮುಂದಿನ ಸಾಲಿನಲ್ಲಿ ತಿರುಚಿ ಹೆಣೆಯಿರಿ. ಬದಿಯ ಉದ್ದ 75 ಸೆಂ.ಮೀ. ಮುಟ್ಟಿದಾಗ ಕಡ್ಡಿಯಲ್ಲಿ ಸುಮಾರು 220 ಸ್ಟಿಚ್ ಇರುತ್ತದೆ. ಅಲ್ಲಿಂದ ಪ್ರತಿ ಸಾಲಿನ ಶುರುವಿಗೆ ಒಂದು ನಿಟ್, ಎರಡು ಸೇರಿಸಿ ಒಂದು, ದಾರದ ಸುತ್ತು, ಮತ್ತೆ ಎರಡು ಸೇರಿಸಿ ಒಂದು. ದಾರ ಸಾಲುತ್ತದೋ ಎಂಬ ಅನುಮಾನಕ್ಕೆ ಅಡುಗೆಮನೆಯ ತಕ್ಕಡಿಯೇ ಉತ್ತರ: ಅರ್ಧ ತೂಕ ಮುಗಿಯುವುದಕ್ಕೆ ಐದಾರು ಗ್ರಾಂ ಮುಂಚೆಯೇ ಇಳಿಕೆಗೆ ತಿರುಗಿದರೆ ಎಂದೂ ಕೊರತೆಯಾಗದು.

ದೊಡ್ಡವರಿಗೆ ಹೆಣೆಯುವುದು ಇದರ ಮುಂದೆ ಏನೂ ಅಲ್ಲ. ತಾತನ ಮಫ್ಲರ್ 20 ಸೆಂ.ಮೀ. ಅಗಲ, 150 ಉದ್ದ, 150ರಿಂದ 200 ಗ್ರಾಂ. ನಿಟ್-ಪರ್ಲ್ ಸಾಲಿನಲ್ಲಿ ಮಾತ್ರ ಹೆಣೆಯಬೇಡಿ, ಅಂಚು ಸುರುಳಿ ಸುತ್ತಿಕೊಂಡು ಹಗ್ಗವಾಗುತ್ತದೆ, ರಿಬ್ ಅಥವಾ ಗಾರ್ಟರ್ ಹಿಡಿಯಿರಿ.

ಹೆಣೆದದ್ದನ್ನು ಕೊಡುವ ದಿನದವರೆಗೆ ನುಸಿಗುಳಿಗೆ ಹಾಕಿ ಇಡಲೇಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಬಟ್ಟೆಗೆ ಹತ್ತಿಕೊಂಡು, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಳೆಗಳಲ್ಲಿ ಕೆಂಪು ರಕ್ತಕಣ ಒಡೆದು ಕಾಮಾಲೆ ತರಬಲ್ಲದು. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಮೊದಲೇ ಯಾರಿಗೂ ತಿಳಿದಿರುವುದಿಲ್ಲ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟರೆ ಸಾಕು. ಕೊಡುವ ಮುನ್ನ ಒಂದು ಸಲ ಒಗೆದು, ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಹರಡಿ ಒಣಗಿಸಿ. ತಂತಿಗೆ ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ. ಜೊತೆಗೊಂದು ಸಣ್ಣ ಲಕೋಟೆಯಲ್ಲಿ ಅದೇ ಲಾಟಿನ ಐದು ಮೀಟರ್ ದಾರ, ಒಂದು ಗುಂಡಿ, ದಾರದ ಉಂಡೆಯ ಮೇಲಿದ್ದ ಚೀಟಿ ಇಡುತ್ತೇನೆ. ಚೀಟಿಯ ಹಿಂದೆ ‘ಉಗುರುಬೆಚ್ಚಗಿನ ನೀರು, ಇಸ್ತ್ರಿ ಬೇಡ, ಕೆಂಡದ ಹತ್ತಿರ ಬೇಡ’ ಎಂದು ಪೆನ್ನಿನಲ್ಲಿ ಬರೆದಿರುತ್ತದೆ.