ಗೆಳೆಯ ಟ್ಯಾಂಕ್ ಒಳಗೆ ಬಿದ್ದಿದ್ದರೂ ನೀವು ಇಳಿಯಬೇಡಿ

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಐದು ಜನ ಕಾರ್ಮಿಕರು ಸತ್ತರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು ಅವರು. ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಇಳಿದ, ಅಲ್ಲೇ ಕುಸಿದ. ಅವನನ್ನು ಎತ್ತಲು ಹೋದವರೂ ಒಬ್ಬರ ಹಿಂದೆ ಒಬ್ಬರು ಬಿದ್ದರು.

ಟ್ಯಾಂಕ್ ದುರಂತಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಕಾರ್ಮಿಕರ ಸುರಕ್ಷತೆಯ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು: ಇಂಥ ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಕಾಪಾಡಲು ಹೋದವರು. ಬಿದ್ದವನಿಗಿಂತ ಅವನ ಮೇಲೆ ಪ್ರೀತಿ ಇದ್ದವರೇ ಜಾಸ್ತಿ ಸಾಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಕಾರ್ಖಾನೆಯಲ್ಲಿ ಕೆಲಸ ಮಾಡುವವರಾಗಿರಲಿ, ಸೂಪರ್‌ವೈಸರ್ ಆಗಿರಲಿ, ನಾಲ್ಕು ಹುಡುಗರನ್ನು ಕರೆತಂದು ಕ್ಲೀನಿಂಗ್ ಮಾಡಿಸುವ ಗುತ್ತಿಗೆದಾರರಾಗಿರಲಿ, ಮುಂದಿನ ಸಲ ಮ್ಯಾನ್‌ಹೋಲ್ ತೆಗೆಯುವ ಮೊದಲು ಓದಿ.

ಮೊದಲ ಪ್ರಶ್ನೆ: ಇಳಿಯಲೇಬೇಕಾ? ಹೊರಗಿನಿಂದಲೇ ನೀರಿನ ಜೆಟ್ ಬಿಟ್ಟು ತೊಳೆಯಬಹುದಾ, ಪಂಪ್ ಹಾಕಿ ಕೆಸರು ಎತ್ತಬಹುದಾ ಎಂದು ನೋಡಿ. ಆಗುವುದಾದರೆ ಹಾಗೇ ಮಾಡಿ, ಆಮೇಲಿನ ಅರ್ಧ ಅಪಾಯ ಅಲ್ಲಿಗೇ ಮುಗಿಯಿತು.

ಇಳಿಯಲೇಬೇಕು ಅಂದರೆ ಮೊದಲು ಟ್ಯಾಂಕನ್ನು ಉಳಿದೆಲ್ಲದರಿಂದ ಬೇರೆ ಮಾಡಿ. ವಾಲ್ವ್ ತಿರುಗಿಸಿ ಮುಚ್ಚಿದರೆ ಸಾಲದು. ವಾಲ್ವ್ ಸೋರುತ್ತದೆ, ಇಲ್ಲವೇ ಗೊತ್ತಿಲ್ಲದ ಯಾರೋ ಬಂದು ತೆರೆಯುತ್ತಾರೆ. ಪೈಪ್ ಬಿಚ್ಚಿ ಅಲ್ಲಿ ಬ್ಲೈಂಡ್, ಅಂದರೆ ಪೈಪಿನ ಬಾಯಿ ಪೂರ್ತಿ ಮುಚ್ಚುವ ಗಟ್ಟಿ ತಟ್ಟೆ ಹಾಕಬೇಕು. ಒಳಗೆ ಕಲಕುವ ಮೋಟರ್ ಇದ್ದರೆ ಅದರ ಸ್ವಿಚ್‌ಗೆ ಬೀಗ ಜಡಿದು, ಬೀಗದ ಕೈ ಇಳಿಯುವವನ ಜೇಬಿನಲ್ಲೇ ಇರಬೇಕು.

ಆಮೇಲೆ ಖಾಲಿ ಮಾಡಿ, ತೊಳೆದು, ಬ್ಲೋವರ್ ಇಟ್ಟು ಗಾಳಿ ಆಡಿಸಿ. ಮೇಲಿನ ಮುಚ್ಚಳ ತೆಗೆದು ಸುಮ್ನೆ ಎರಡು ಗಂಟೆ ಬಿಟ್ಟರೆ ಗಾಳಿ ಬದಲಾಗುವುದಿಲ್ಲ, ಏಕೆಂದರೆ ಹೈಡ್ರೋಜನ್ ಸಲ್ಫೈಡ್‌ನಂಥ ವಿಷದ ಅನಿಲ ಗಾಳಿಗಿಂತ ಭಾರ, ಅದು ತಳದಲ್ಲೇ ಕೂತಿರುತ್ತದೆ. ಗಾಳಿ ಬೇಗ ಬರಲಿ ಅಂತ ಸಿಲಿಂಡರ್‌ನಿಂದ ಆಕ್ಸಿಜನ್ ಒಳಗೆ ಹಾಯಿಸಲೇಬೇಡಿ. ಆಕ್ಸಿಜನ್ ಜಾಸ್ತಿಯಾದ ಕಡೆ ಒಂದು ಕಿಡಿ ತಾಗಿದರೂ ಮೈಮೇಲಿನ ಬಟ್ಟೆ ಧಗ್ಗೆಂದು ಉರಿಯುತ್ತದೆ.

ಈಗ ಅಳತೆ. ಇದನ್ನು ಯಾರೂ ತಪ್ಪಿಸಬಾರದು. ನಾಲ್ಕು ಅನಿಲ ಅಳೆಯುವ ಮೀಟರ್ ಸಿಗುತ್ತದೆ, ಅದಕ್ಕೆ ಉದ್ದದ ಟ್ಯೂಬ್ ಕಟ್ಟಿ ಹೊರಗೆ ನಿಂತೇ ಅಳೆಯಬೇಕು. ಮೇಲೆ, ನಡುವೆ, ತಳದಲ್ಲಿ, ಮೂರು ಕಡೆಯೂ. ಮೊದಲು ಆಕ್ಸಿಜನ್ ನೋಡಿ. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ 20.9 ಇರುತ್ತದೆ, 19.5ಕ್ಕಿಂತ ಕೆಳಗಿದ್ದರೆ ಅಥವಾ 23.5ಕ್ಕಿಂತ ಮೇಲಿದ್ದರೆ ಇಳಿಯಬಾರದು. ಆಮೇಲೆ ಹತ್ತಿಕೊಳ್ಳುವ ಅನಿಲ, ಆಮೇಲೆ ಎರಡು ವಿಷದ ಅನಿಲ.

ಏನೂ ಇಲ್ಲದ ಖಾಲಿ ಕಬ್ಬಿಣದ ಟ್ಯಾಂಕ್, ಅದಕ್ಕೂ ಅಳತೆ ಬೇಕಾ ಎಂದು ಕೇಳುವವರಿದ್ದಾರೆ. ಬೇಕು. ಬಹಳ ದಿನ ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತಾ ಹಿಡಿಯುತ್ತಾ ಒಳಗಿನ ಆಕ್ಸಿಜನ್ನೇ ಖರ್ಚಾಗಿರುತ್ತದೆ. ನೈಟ್ರೋಜನ್ ಬಿಟ್ಟಿದ್ದ ಟ್ಯಾಂಕ್ ಇನ್ನೂ ಮೋಸ, ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲ, ಒಂದೆರಡು ಸಲ ಉಸಿರೆಳೆಯುವಷ್ಟರಲ್ಲಿ ಮನುಷ್ಯ ನೆಲದ ಮೇಲೆ.

ಮೂಗನ್ನು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಅದು 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ ಆದಾಗ ಮೂಗಿಗೆ ಗೊತ್ತಾಗುವುದೇ ನಿಂತುಹೋಗುತ್ತದೆ. ನಾತ ಹೋಯಿತು, ಇಳಿಯೋಣ ಅಂದುಕೊಳ್ಳುವ ಹೊತ್ತೇ ಅತಿ ಕೆಟ್ಟ ಹೊತ್ತು. ನಮ್ಮ ಕಡೆ ಹಳೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವ ರೂಢಿ ಇದೆಯಲ್ವಾ, ಅದನ್ನು ಟ್ಯಾಂಕಿಗೆ ತರಲೇಬೇಡಿ. ಒಳಗೆ ಮೀಥೇನ್ ಇದ್ದರೆ ಸಿಡಿಯುತ್ತದೆ. ವಿಷದ ಅನಿಲ ಇದ್ದರೆ, ದೀಪ ಚೆನ್ನಾಗಿ ಉರಿಯುತ್ತಲೇ ಇರುತ್ತದೆ, ಇಳಿದವನು ಮಾತ್ರ ಉಳಿಯುವುದಿಲ್ಲ.

ಒಂದು ಸಲ ಅಳೆದರೆ ಮುಗಿಯಿತು ಅಂತಲೂ ಅಲ್ಲ. ತಳದ ಕೆಸರನ್ನು ಸಲಿಕೆಯಿಂದ ಕೆದಕಿದ ಕೂಡಲೇ ಅದರೊಳಗೆ ಸಿಕ್ಕಿಕೊಂಡಿದ್ದ ಅನಿಲ ಮೇಲೇಳುತ್ತದೆ. ಕೊಳೆಯುವ ಪದಾರ್ಥ ಇದ್ದ ಕಡೆಯಲ್ಲೆಲ್ಲ ಇದೇ ಕಥೆ. ಮೀಟರ್ ಇಳಿದವನ ಎದೆಯ ಮೇಲೆ ಕೊನೆಯವರೆಗೂ ಆನ್ ಆಗಿರಬೇಕು, ಕೂಗಿದರೆ ಕೆಲಸ ಬಿಟ್ಟು ಮೇಲೆ ಬರಬೇಕು.

ಮೇಲಕ್ಕೆ ಹತ್ತುವಾಗಲೂ ಇದೇ ಎಚ್ಚರ. 2025ರ ಜುಲೈನಲ್ಲಿ ಮಂಗಳೂರಿನ ರಿಫೈನರಿಯಲ್ಲಿ ಇಬ್ಬರು ಸತ್ತಿದ್ದು ಟ್ಯಾಂಕ್ ಒಳಗಲ್ಲ, ಟ್ಯಾಂಕಿನ ಮೇಲ್ಭಾಗದಲ್ಲಿ. ಅಲ್ಲೂ ಹೈಡ್ರೋಜನ್ ಸಲ್ಫೈಡೇ.

ಇಳಿಯುವವನಿಗೆ ಮೈತುಂಬ ಹಾಕುವ ಬೆಲ್ಟಿನ ಹಾರ್ನೆಸ್, ಅದಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೊರಗೆ. ಮ್ಯಾನ್‌ಹೋಲ್ ಮೇಲೆ ಮೂರು ಕಾಲಿನ ಸ್ಟ್ಯಾಂಡ್, ಅದರಲ್ಲಿ ಕೈಯಿಂದ ತಿರುಗಿಸುವ ರಾಟೆ ಇದ್ದರೆ, ಪ್ರಜ್ಞೆ ತಪ್ಪಿದವನನ್ನು ಒಬ್ಬನೇ ಮೇಲೆ ಎಳೆಯಬಹುದು. ಬರೀ ಕೈಯಲ್ಲಿ ಎಳೆಯಲು ಮೂರು ಜನ ಇದ್ದರೂ ಕಷ್ಟ. ಇದೇನು ಹೊಸ ಮಾತಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ಬರೆದಿದ್ದರು: ಒಳಗೆ ಅನಿಲ ಇಲ್ಲ ಎಂದು ಬಲ್ಲವರು ಪರೀಕ್ಷಿಸಿ ಲಿಖಿತವಾಗಿ ಕೊಡಬೇಕು, ಇಲ್ಲದಿದ್ದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಇರಬೇಕು, ಸೊಂಟದ ಬೆಲ್ಟಿನ ಹಗ್ಗ ಹೊರಗಿರುವವನ ಕೈಯಲ್ಲಿರಬೇಕು. ಒಳಗೆ ಒಯ್ಯುವ ಕರೆಂಟ್ ದೀಪ 24 ವೋಲ್ಟ್ ಮೀರಬಾರದು ಎಂದೂ ಇತ್ತು.

ಬಟ್ಟೆಯ ಮಾಸ್ಕ್, ಎನ್-95, ಡಬ್ಬಿ ಸಿಕ್ಕಿಸುವ ಮಾಸ್ಕ್ ಇವು ಯಾವುವೂ ಆಕ್ಸಿಜನ್ ಕೊಡುವುದಿಲ್ಲ. ಆಕ್ಸಿಜನ್ ಕಡಿಮೆ ಇದ್ದ ಕಡೆ ಬೆನ್ನಿಗೆ ಗಾಳಿಯ ಸಿಲಿಂಡರ್ ಬೇಕು, ಅಥವಾ ಹೊರಗಿನಿಂದ ಪೈಪ್‌ನಲ್ಲಿ ಒಳ್ಳೆಯ ಗಾಳಿ ಬರಬೇಕು.

ಹೊರಗೆ ಕಾವಲಿಗೆ ನಿಂತವನಿಗೆ ಒಂದೇ ಕೆಲಸ, ಒಳಗಿರುವವನನ್ನು ನೋಡುತ್ತಾ ಮಾತಾಡಿಸುತ್ತಿರುವುದು. ಅವನನ್ನು ಟೀ ತರಲು ಕಳಿಸಬಾರದು, ಫೋನ್ ಹಿಡಿಯಬಾರದು. ಕೆಲಸ ಶುರುವಾಗುವ ಮೊದಲೇ ಎಲ್ಲರ ಎದುರಿಗೆ ಅವನಿಗೆ ಹೇಳಿ, ಅವನ ಬಾಯಲ್ಲೂ ಹೇಳಿಸಿ: "ಒಳಗೆ ಯಾರು ಬಿದ್ದರೂ ನಾನು ಇಳಿಯುವುದಿಲ್ಲ." ಕೇಳಲು ಕ್ರೂರ ಅನ್ನಿಸಬಹುದು. ಆದರೆ ಅಣ್ಣನೋ ಊರಿನವನೋ ಕಣ್ಣೆದುರಿಗೆ ಕುಸಿದಾಗ ಯೋಚನೆ ಮಾಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೊದಲೇ ಆಡಿದ ಮಾತೇ ಆಗ ಕಾಲು ಹಿಡಿದು ನಿಲ್ಲಿಸಬೇಕು.

ಬಿದ್ದೇಬಿಟ್ಟರೆ? ಕೂಗಿ ಜನ ಸೇರಿಸಿ, ರಾಟೆ ತಿರುಗಿಸಿ ಎಳೆಯಿರಿ, ಬ್ಲೋವರ್ ನಿಲ್ಲಿಸಬೇಡಿ. 112ಕ್ಕೆ ಕರೆ ಮಾಡಿ ಟ್ಯಾಂಕಿನಲ್ಲಿ ಏನಿತ್ತು, ಎಷ್ಟು ಜನ ಒಳಗಿದ್ದಾರೆ ಎಂದು ಹೇಳಿ. ಗಾಳಿಯ ಸಿಲಿಂಡರ್ ಹಾಕಿಕೊಂಡು ಇಳಿಯಲು ತರಬೇತಿ ಇರುವವರು ಬರುವವರೆಗೆ ಮ್ಯಾನ್‌ಹೋಲ್ ಬಾಯಿಗೆ ಯಾರೂ ತಲೆ ಹಾಕದಂತೆ ನಿಲ್ಲಿಸಿ. ಹೊರಗೆ ತಂದವನನ್ನು ಒಳ್ಳೆಯ ಗಾಳಿ ಇರುವ ಕಡೆಗೆ ಒಯ್ದು ಮಲಗಿಸಿ, ಮೈಮೇಲೆ ರಾಸಾಯನಿಕ ಮೆತ್ತಿದ ಬಟ್ಟೆ ಇದ್ದರೆ ತೆಗೆಯಿರಿ, ಮತ್ತು ಆ ಟ್ಯಾಂಕಿನ ರಾಸಾಯನಿಕದ ಹೆಸರು ಬರೆದ ಚೀಟಿಯನ್ನು ಅವನ ಜೊತೆಗೇ ಆಸ್ಪತ್ರೆಗೆ ಕಳಿಸಿ.